ಹ್ಞೂಂ ಅನ್ನುವವರಿಲ್ಲದ ಉಪನ್ಯಾಸ

‘ನನ್ನ ಧ್ವನಿ ಕೇಳಿಸ್ತಿದೆಯಾ?’

2020ರಿಂದೀಚೆಗೆ ಕನ್ನಡದ ಉಪನ್ಯಾಸಗಳಲ್ಲಿ ಇದಕ್ಕಿಂತ ಹೆಚ್ಚು ಸಲ ಬಂದ ವಾಕ್ಯ ಇನ್ನೊಂದಿರಲಾರದು. ಪಂಪನ ಬಗ್ಗೆ ಮಾತಾಡುವವರೂ ಹೀಗೇ ಶುರುಮಾಡುತ್ತಾರೆ, ಬಂಡಾಯದ ಬಗ್ಗೆ ಮಾತಾಡುವವರೂ ಹೀಗೇ. ತಾಂತ್ರಿಕ ವಿಚಾರಣೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಶಾಮಿಯಾನದ ಕೆಳಗೆ ಮೈಕು ತಟ್ಟಿ ‘ಹಲೋ, ಹಲೋ’ ಅನ್ನುವವನು ಮೈಕನ್ನು ಪರೀಕ್ಷಿಸುತ್ತಾನೆ. ಎದುರಿಗಿರುವ ಜನರ ಬಗ್ಗೆ ಅವನಿಗೆ ಅನುಮಾನವಿಲ್ಲ. ಪರದೆಯ ಮುಂದೆ ಕೂತ ಮೇಷ್ಟ್ರಿಗೆ ಅನುಮಾನವಿರುವುದೇ ಜನರ ಬಗ್ಗೆ. ಹತ್ತು ನಿಮಿಷಕ್ಕೊಮ್ಮೆ ಆ ಪ್ರಶ್ನೆ ಮರಳಿ ಬರುವುದಕ್ಕೆ ನೆಟ್‌ವರ್ಕ್ ಒಂದನ್ನೇ ದೂರಿ ಪ್ರಯೋಜನವಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳಿಗಾಗಿ ಸಂಜೆ ಹೊತ್ತು ಆನ್‌ಲೈನಿನಲ್ಲಿ ಸಾಹಿತ್ಯ ಪಾಠ ಏರ್ಪಡಿಸುವ ಒಂದು ಸಣ್ಣ ಗುಂಪಿನಲ್ಲಿ ನಾನಿದ್ದೇನೆ. ಕೆಲವು ಸಲ ಪಾಠ ನನ್ನದು, ಕೆಲವು ಸಲ ನಿರೂಪಣೆ. 2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ಒಂದು ಜಿಲ್ಲೆಯಾಯಿತು, 2025ರಲ್ಲಿ ಅದರ ಹೆಸರೂ ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಆದರೂ ಮಾಗಡಿ ಕಡೆಯ ಹಳ್ಳಿಯೊಂದರ ಹುಡುಗಿ ಒಂದು ಗಂಟೆಯ ಉಪನ್ಯಾಸಕ್ಕೆಂದು ಕನಕಪುರಕ್ಕೆ ಬಂದು ಅದೇ ಸಂಜೆ ಮನೆ ಸೇರುವುದು ಇವತ್ತಿಗೂ ಆಗುವ ಮಾತಲ್ಲ. ಹಾಗಾಗಿ ಆನ್‌ಲೈನ್ ಉಪನ್ಯಾಸವನ್ನು ಸಂಕಟಕಾಲದಲ್ಲಿ ಹಾಕಿದ ತೇಪೆ ಎಂದು ಮರೆಯುವಂತಿಲ್ಲ. ಅದು ಒಂದು ಪ್ರಕಾರವಾಗಿಯೇ ಉಳಿದುಕೊಂಡಿದೆ. ಪ್ರಕಾರ ಅಂದಮೇಲೆ ಅದಕ್ಕೆ ವಿಮರ್ಶೆ ಬೇಡವೆ? ಪುಸ್ತಕಕ್ಕೆ, ನಾಟಕಕ್ಕೆ, ಸಿನಿಮಾಕ್ಕೆ ವಿಮರ್ಶೆ ಬರೆಯುವ ನಾವು ನಮ್ಮದೇ ಕಸುಬಿನ ಮಾತನ್ನು ಮಾತ್ರ ವರದಿಯಲ್ಲಿ ಮುಗಿಸಿಬಿಡುತ್ತೇವೆ: ‘ಕಾರ್ಯಕ್ರಮ ಯಶಸ್ವಿಯಾಗಿ ಜರುಗಿತು.’

2020ರ ಮಾರ್ಚಿನಲ್ಲಿ ಕಾಲೇಜುಗಳು ಮುಚ್ಚಿದವು. ಪದವಿ ತರಗತಿಗಳು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿ, 2021ರ ಜುಲೈ ಕೊನೆಗೆ ಮತ್ತೆ ತೆರೆದವು. ಆ ನಡುವೆ ಕನ್ನಡ ವಿಭಾಗಗಳು ಏರ್ಪಡಿಸಿದ ವೆಬಿನಾರುಗಳಲ್ಲಿ ಸಿಕ್ಕಷ್ಟನ್ನು ವಿದ್ಯಾರ್ಥಿನಿಯಾಗಿ ಕೇಳಿದ್ದೇನೆ. ಅವುಗಳಲ್ಲಿ ಬಹುಪಾಲಿನ ತೊಂದರೆ ಒಂದೇ: ಅವು ವೇದಿಕೆಯನ್ನು ಹಾಗೇ ಎತ್ತಿ ತಂದು ಪರದೆಯೊಳಗೆ ಕೂರಿಸಿದ್ದವು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಉದ್ಘಾಟನೆ, ಅಧ್ಯಕ್ಷರ ನುಡಿ, ವಂದನಾರ್ಪಣೆ. ದೀಪ ಬೆಳಗುವ ಚಿತ್ರವನ್ನು ಸ್ಲೈಡಿನಲ್ಲಿ ತೋರಿಸಿ ‘ಉದ್ಘಾಟನೆಯಾಯಿತೆಂದು ಭಾವಿಸೋಣ’ ಅಂದವರೂ ಉಂಟು. ವೇದಿಕೆಯ ಮೇಲಿನ ಈ ಕ್ರಮಕ್ಕೆ ಒಂದು ಉಪಯೋಗವಿತ್ತು. ಜನ ಬಂದು ಕೂರುವವರೆಗೆ ಹೊತ್ತು ಕಳೆಯಬೇಕು, ಹೂವಿನ ಹಾರಕ್ಕೊಂದು ಕೊರಳು ಬೇಕು. ಪರದೆಯ ಮುಂದೆ ಹಾರವೂ ಇಲ್ಲ, ಬಂದು ಕೂರುವ ಸದ್ದೂ ಇಲ್ಲ. ಡೇಟಾ ಮಾತ್ರ ಖರ್ಚಾಗುತ್ತಿರುತ್ತದೆ, ಅದೂ ಕೇಳುವ ಹುಡುಗರದು. ಜೂಮಿನ ಉಚಿತ ಸಭೆ 40 ನಿಮಿಷಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಧ್ಯಕ್ಷರ ನುಡಿಯನ್ನು ಅರ್ಧಕ್ಕೆ ನಿಲ್ಲಿಸುವ ಧೈರ್ಯ ಕನ್ನಡದ ಯಾವ ನಿರೂಪಕನಿಗೂ ಈವರೆಗೆ ಬಂದಿರಲಿಲ್ಲ. ಅದೊಂದು ಉಪಕಾರವನ್ನು ಆ ಕಂಪನಿ ಮಾಡಿತು ಅನ್ನಬೇಕು.

ಕೊನೆಗೆ ಬರುವುದು ಲಿಂಕು. ಫಾರ್ಮ್ ತುಂಬಿದರೆ ಇ-ಪ್ರಮಾಣಪತ್ರ. ಉಪನ್ಯಾಸ ಮುಗಿಯುವ ಹೊತ್ತಿಗೆ ಚಾಟ್ ಪೆಟ್ಟಿಗೆ ತುಂಬ ‘ಸರ್ ಲಿಂಕ್ ಕಳಿಸಿ’ ಎಂಬ ಒಂದೇ ಮೊರೆ. ಅದಕ್ಕಾಗಿ ವಿದ್ಯಾರ್ಥಿಗಳನ್ನು ನಾನು ಬೈಯಲಾರೆ. ಕೇಳಿದ್ದಕ್ಕೆ ಪುರಾವೆ ಬೇಕಿದ್ದುದು ಅವರಿಗಲ್ಲ, ಹೇಳಿದವರಿಗೆ. ನಿಜವಾದ ಪುರಾವೆ ಯಾವುದೂ ಸಿಗದಿದ್ದಾಗ ಕಾಗದದ ಪುರಾವೆ ಹುಟ್ಟಿಕೊಂಡಿತು.

ಕಾಣದ ಕೇಳುಗರಿಗೆ ಮಾತಾಡುವುದು ಕನ್ನಡದ ಮೇಷ್ಟ್ರುಗಳಿಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದರು. ಮನೆಯಲ್ಲಿ ಕೂತು ನೇರಪ್ರಸಾರ ನಡೆಸಿದ ಅಧ್ಯಾಪಕ ಎಂಬ ಲೆಕ್ಕದಲ್ಲಿ ಅವರು ನಮ್ಮೆಲ್ಲರ ಹಿರಿಯಜ್ಜ. ರೇಡಿಯೋದವರು ಒಂದು ಸತ್ಯವನ್ನು ಮೊದಲೇ ಒಪ್ಪಿಕೊಂಡಿದ್ದರು: ಕೇಳುವವನು ಕಾಣುವುದಿಲ್ಲ, ಅವನ ಸದ್ದೂ ಬರುವುದಿಲ್ಲ. ಅದನ್ನು ಒಪ್ಪಿಕೊಂಡದ್ದರಿಂದಲೇ ಅವರ ಗದ್ಯ ಬೇರೆಯಾಯಿತು. ವಾಕ್ಯ ಚಿಕ್ಕದಾಯಿತು, ಮಾತು ನಿಮಿಷಕ್ಕೆ ಸರಿಯಾಗಿ ಅಳೆದದ್ದಾಯಿತು, ಒಬ್ಬನೇ ಒಬ್ಬ ಕೇಳುಗನಿಗೆ ಹೇಳುವಂತೆ ದನಿ ತಗ್ಗಿತು. ಆನ್‌ಲೈನ್ ಉಪನ್ಯಾಸ ಈ ಶಿಸ್ತನ್ನು ಕಲಿಯಲಿಲ್ಲ. ಪರದೆಯ ಮೇಲೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಹೆಸರುಗಳು ಇರುವುದರಿಂದ ಜನ ಎದುರಿಗಿದ್ದಾರೆಂಬ ಭ್ರಮೆ ಅದಕ್ಕೆ. ಹೆಸರಿನ ಮೊದಲಕ್ಷರ ಬರೆದ ಬಣ್ಣದ ಬಿಲ್ಲೆಗಳ ಮುಂದೆ ವೇದಿಕೆಯ ಭಾಷಣ ಸಾಗುತ್ತದೆ. ಅದು ಸಾಲದು ಅಂತ ಸ್ಲೈಡು ಬೇರೆ. ಸ್ಲೈಡಿನಲ್ಲಿರುವುದನ್ನೇ ಓದುವ ಮೇಷ್ಟ್ರು, ಓದುವ ಮೊದಲೇ ಓದಿ ಮುಗಿಸಿರುವ ವಿದ್ಯಾರ್ಥಿ.

ಇನ್ನೊಂದು ದಾರಿಯೂ ಇತ್ತು, ಅದು ನಮ್ಮ ಪಕ್ಕದಲ್ಲೇ ಇತ್ತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರ ದಾಟುತ್ತಿದ್ದಂತೆ ಸಿಗುವ ಜಾನಪದ ಲೋಕವನ್ನು ಎಚ್.ಎಲ್. ನಾಗೇಗೌಡರು ಕಟ್ಟಿದ್ದು 1994ರಲ್ಲಿ. ಶಾಲೆಯ ಪ್ರವಾಸದಲ್ಲಿ ಬಂದವರಿಗೆ ನೆನಪಿರುವುದು ಅಲ್ಲಿನ ಒನಕೆ, ಬೀಸುಕಲ್ಲು, ತೊಗಲುಬೊಂಬೆ. ಆದರೆ ಆ ಜಾಗದ ಹಿಂದಿರುವುದು ಹಾಡುವವರ, ಕತೆ ಹೇಳುವವರ ಮುಂದೆ ಹೋಗಿ ಕೂತು ಕೇಳಿಸಿಕೊಂಡ, ಟೇಪಿನಲ್ಲಿ ಹಿಡಿದಿಟ್ಟ ಅಗಾಧ ಕೆಲಸ. ಮಂಟೇಸ್ವಾಮಿಯನ್ನು ಹಾಡುವ ನೀಲಗಾರರಾಗಲಿ, ಮಾದೇಶ್ವರನನ್ನು ಹಾಡುವ ಕಂಸಾಳೆಯವರಾಗಲಿ ಒಬ್ಬರೇ ಹಾಡುವುದಿಲ್ಲ. ಶಿವರಾತ್ರಿ ಹತ್ತಿರವಾದಾಗ ಕನಕಪುರದ ರಸ್ತೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನು ನೋಡಿದವರಿಗೆ ಗೊತ್ತು, ಒಬ್ಬ ಕೂಗಿದರೆ ಹಿಂದಿನ ಹತ್ತು ಜನ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಕಾಲು ನಡೆಯುವುದಿಲ್ಲ. ಹಾಡಿಗೆ ಹಿಮ್ಮೇಳ ಹೇಗೋ ಕತೆಗೆ ಹ್ಞೂಂ ಹಾಗೆ. ಅಜ್ಜಿ ಕತೆ ಶುರುಮಾಡುವ ಮೊದಲೇ ‘ಹ್ಞೂಂ ಅನ್ಬೇಕು ಮತ್ತೆ’ ಅಂತ ಕರಾರು ಹಾಕುತ್ತಿದ್ದಳಲ್ಲ, ಮಗು ನಿದ್ದೆಹೋಯಿತೋ ಇಲ್ಲವೋ ತಿಳಿಯಲು ಮಾತ್ರ ಅದಲ್ಲ. ಹ್ಞೂಂ ಗಟ್ಟಿಯಾದರೆ ಕತೆ ಹಿಗ್ಗುತ್ತದೆ, ಮೆತ್ತಗಾದರೆ ರಾಕ್ಷಸ ಬೇಗ ಸಾಯುತ್ತಾನೆ. ಅಂದರೆ ಆ ಕತೆಯ ಅರ್ಧ ಭಾಗವನ್ನು ಕಟ್ಟುವುದೇ ಕೇಳುವವನ ಹ್ಞೂಂ.

ತರಗತಿಯಲ್ಲೂ ಇದು ನಡೆಯುತ್ತದೆ, ನಮಗೆ ಗೊತ್ತಾಗದ ಹಾಗೆ. ಹಿಂದಿನ ಬೆಂಚಿನ ಪಿಸುಮಾತು, ಕಿಟಕಿಯ ಕಡೆ ಹೋದ ಕಣ್ಣು, ತಡವಾಗಿ ಎದ್ದ ನಗು ಎಲ್ಲವೂ ಹ್ಞೂಂಗಳೇ. ಆನ್‌ಲೈನ್ ಪಾಠದ ಮೊದಲ ಆಜ್ಞೆಯೇ ‘ಎಲ್ಲರೂ ಮ್ಯೂಟ್ ಮಾಡಿಕೊಳ್ಳಿ’. ಯೂಟ್ಯೂಬ್ ಲೈವಿನಲ್ಲಾದರೆ ಮಾತಿಗೂ ಕೇಳುವಿಕೆಗೂ ನಡುವೆ ಕೆಲವು ಸೆಕೆಂಡುಗಳ ಅಂತರ ಬೇರೆ. ನಕ್ಕವನ ನಗುವಿನ ಚಿಹ್ನೆ ಬಂದು ತಲುಪುವಾಗ ಮೇಷ್ಟ್ರು ಮುಂದಿನ ಸಾವಿನ ಪ್ರಸಂಗಕ್ಕೆ ಹೋಗಿರುತ್ತಾರೆ.

ಇದರಿಂದ ಸಾಹಿತ್ಯಕ್ಕೆ ಏನಾಗುತ್ತದೆ ಎಂಬುದನ್ನು ಒಂದು ಪುಸ್ತಕದ ಮೇಲೆ ಇಟ್ಟು ನೋಡುತ್ತೇನೆ. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಈ ಸೀಮೆಯದೇ ಪುಸ್ತಕ ಅದು. ಅವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯವರು. ಅವರು ಕೋವಿಡ್‌ನಿಂದ ತೀರಿಕೊಂಡದ್ದು 2021ರ ಜೂನ್ 11ರಂದು, ಕಾಲೇಜುಗಳೆಲ್ಲ ಮುಚ್ಚಿದ್ದ ದಿನಗಳಲ್ಲಿ. 1975ರ ‘ಹೊಲೆಮಾದಿಗರ ಹಾಡು’ ಬಂದಾಗಿನಿಂದ ಅವರ ಪದ್ಯಗಳು ಬೀದಿಯಲ್ಲಿ, ಮೆರವಣಿಗೆಯಲ್ಲಿ, ನೂರಾರು ಕೊರಳುಗಳಲ್ಲಿ ಬದುಕಿದವು. ಒಬ್ಬ ಎತ್ತಿಕೊಟ್ಟು ಜನ ಹಿಡಿದುಕೊಳ್ಳುವ ಹಾಡುಗಳು ಅವು. ಅಂಥ ಕವಿಗೆ ನುಡಿನಮನ ಸಲ್ಲಿಸಲು ಉಳಿದದ್ದು ಮ್ಯೂಟ್ ಮಾಡಿಕೊಂಡ ಸಭೆ. ಆ ವಾರ ನಾನು ಕೇಳಿದ ಒಂದು ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ಅವರ ಹಾಡನ್ನು ಒಬ್ಬರೇ ಹಾಡಿದರು. ಮೊದಲ ಸಾಲು ಹಾಡಿ, ಅಭ್ಯಾಸಬಲದಿಂದ ಒಂದು ಕ್ಷಣ ನಿಲ್ಲಿಸಿದರು, ಜನ ಎತ್ತಿಕೊಳ್ಳಲಿ ಎಂದು. ಏನೂ ಬರಲಿಲ್ಲ. ಎರಡನೇ ಸಾಲನ್ನೂ ಅವರೇ ಹಾಡಿಕೊಂಡರು.

‘ಊರುಕೇರಿ’ಯ ಆರಂಭದಲ್ಲೇ ಇಬ್ಬರು ಗಂಡಸರ ಹೆಗಲ ಮೇಲೆ ನೊಗ ಹೊರಿಸಿ ಹೊಲ ಉಳುವ ದೃಶ್ಯವಿದೆ. ಎತ್ತಿನ ಜಾಗದಲ್ಲಿರುವ ಆ ಇಬ್ಬರಲ್ಲಿ ಒಬ್ಬ, ನೋಡುತ್ತಿರುವ ಹುಡುಗನ ಅಪ್ಪ. ಇದನ್ನು ಬರೆದವರೇ ಪುಟ ಪುಟಕ್ಕೂ ನಗಿಸುತ್ತಾರೆ. ಬಡತನ, ಅವಮಾನ, ಹಸಿವು ಎಲ್ಲವೂ ಬರುತ್ತವೆ, ನಗುವಿನ ತೋಳು ಹಿಡಿದುಕೊಂಡೇ ಬರುತ್ತವೆ. ಈ ನಗುವನ್ನು ಡಿ.ಆರ್. ನಾಗರಾಜ್ ಗಂಭೀರವಾಗಿ ಚರ್ಚಿಸಿದ್ದಾರೆ. ತರಗತಿಯಲ್ಲಿ ಈ ಪುಸ್ತಕ ಓದುವಾಗ ಒಂದು ವಿಚಿತ್ರ ಆಗುತ್ತದೆ: ಮೊದಲು ಯಾರೋ ಒಬ್ಬರು ನಗುತ್ತಾರೆ, ನಂತರ ನಗಬಹುದೋ ಬಾರದೋ ಎಂದು ಅಕ್ಕಪಕ್ಕ ನೋಡುತ್ತಾರೆ. ಕೇರಿಯಿಂದ ಬಂದ ಹುಡುಗ ಮೊದಲು ನಕ್ಕರೆ ಉಳಿದವರಿಗೆ ಧೈರ್ಯ. ಊರಿನ ಹುಡುಗ ಮೊದಲು ನಕ್ಕರೆ ತರಗತಿಯಲ್ಲಿ ಒಂದು ಬಗೆಯ ಬಿಗುವು. ಪಾಠ ಇರುವುದು ಆ ನೋಟದಲ್ಲಿ, ಆ ಬಿಗುವಿನಲ್ಲಿ. ಯಾರು ಯಾವಾಗ ನಗುತ್ತಾರೆ ಎಂಬುದೇ ಈ ಪುಸ್ತಕದ ಅರ್ಧ ವಿಮರ್ಶೆ. ಮ್ಯೂಟ್ ಆದ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ನಗುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ಪುಸ್ತಕ ಒಂದು ಹಾಸ್ಯಪ್ರಸಂಗವಾಗಿಯೋ ಒಂದು ಕರುಣಾಜನಕ ಕತೆಯಾಗಿಯೋ ಸಲೀಸಾಗಿ ದಾಟಿಹೋಗುತ್ತದೆ.

ಹಾಗಾದರೆ ಎಲ್ಲರೂ ಕ್ಯಾಮೆರಾ ಹಾಕಿಕೊಳ್ಳಲಿ, ಮುಖ ಕಾಣಲಿ ಅಂದರೆ? ಹಲವು ಅಧ್ಯಾಪಕರು ಇದನ್ನೇ ಮದ್ದು ಅಂದುಕೊಂಡಿದ್ದಾರೆ, ಹಾಜರಾತಿಗೂ ಅದನ್ನೇ ಷರತ್ತು ಮಾಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಸಭೆಗಳ ದಣಿವಿಗೆ ಕೊಟ್ಟ ಕಾರಣಗಳಲ್ಲಿ, ತನ್ನದೇ ಮುಖವನ್ನು ಸದಾ ನೋಡುತ್ತಿರಬೇಕಾದ್ದೂ ಒಂದು. ನಮ್ಮ ವಿದ್ಯಾರ್ಥಿಗಳ ಕಷ್ಟ ಮುಖದ್ದಲ್ಲ, ಮುಖದ ಹಿಂದೆ ಕಾಣುವುದರದು. ಕಾಲೇಜಿಗೆ ಬಂದವರು ಒಂದೇ ಬಗೆಯ ಬೆಂಚಿನ ಮೇಲೆ, ಒಂದೇ ಬಗೆಯ ಗೋಡೆಯ ಮುಂದೆ ಕೂರುತ್ತಾರೆ. ಮನೆಯನ್ನು ಮನೆಯಲ್ಲಿಟ್ಟು ಬರುವ ಹಕ್ಕನ್ನು ಕಾಲೇಜು ಅವರಿಗೆ ಕೊಟ್ಟಿತ್ತು. ಹಾಸ್ಟೆಲ್ಲು ಅದನ್ನು ಇನ್ನೂ ಹೆಚ್ಚು ಕೊಟ್ಟಿತ್ತು. ‘ಊರುಕೇರಿ’ಯಲ್ಲಿ ಹಾಸ್ಟೆಲ್ಲಿಗೆ ಎಷ್ಟು ದೊಡ್ಡ ಜಾಗವಿದೆ ಎಂಬುದನ್ನು ನೆನೆದರೆ ಸಾಕು. ಲಾಕ್‌ಡೌನ್ ಹಾಸ್ಟೆಲ್ ಮುಚ್ಚಿಸಿ ಎಲ್ಲರನ್ನೂ ಮನೆಗೆ ಕಳಿಸಿತು. ಆಮೇಲೆ ಕ್ಯಾಮೆರಾ ಬಂದು ಮನೆಯನ್ನು ತರಗತಿಗೆ ಎಳೆದು ತಂದಿತು. ತಗಡಿನ ಸೂರು, ಪಕ್ಕದಲ್ಲಿ ಕಟ್ಟಿದ ಮೇಕೆ, ಹಿಂದೆ ಓಡಾಡುವ ಅಮ್ಮ. ಊರು ಯಾವುದು, ಕೇರಿ ಯಾವುದು ಎಂಬುದು ಯಾರೂ ಕೇಳದೆ ಎಲ್ಲರಿಗೂ ಕಾಣತೊಡಗಿತು. ‘ಕ್ಯಾಮೆರಾ ಕೆಟ್ಟಿದೆ ಮೇಡಂ’ ಅನ್ನುವ ಹುಡುಗಿಯನ್ನು ಸುಳ್ಳುಗಾತಿ ಅನ್ನುವ ಮೊದಲು ಇಷ್ಟನ್ನು ಯೋಚಿಸಬೇಕು. ಓದಲು ಏಕಾಂತ ಸಿಗದೆ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದ ಕವಿಯ ಸೀಮೆ ಇದು. ನೆಟ್‌ವರ್ಕ್ ಹುಡುಕಿಕೊಂಡು ಬಂಡೆ ಹತ್ತಿ ಕೂರುವ ಹುಡುಗರನ್ನು ರಾಮನಗರದ ಬೆಟ್ಟಗಳ ಸಾಲಿನಲ್ಲಿ ನಾನು ಕಂಡಿದ್ದೇನೆ. ಅಲ್ಲಿ ಸಿಗ್ನಲ್ ಸಿಗುವುದು ಒಂದು, ಮನೆ ಕಾಣದಿರುವುದು ಇನ್ನೊಂದು.

ಕ್ಯಾಮೆರಾ ಇಲ್ಲದಿದ್ದರೆ ಕೇಳುವುದೇ ಇಲ್ಲ ಎಂಬುದೂ ನಿಜವಲ್ಲ. ಒಂದು ಸಂಜೆ ರಾಮನಗರದ ಹತ್ತಿರದ ಹುಡುಗನೊಬ್ಬ ನಡುವೆ ಮೈಕ್ ತೆಗೆದು ಹೇಳಿದ: ‘ಹುಳು ಹಣ್ಣಾಗದೆ ಮೇಡಂ, ಚಂದ್ರಿಕೆಗೆ ಬಿಡ್ತಾ ಇವ್ನಿ. ಕಿವಿಗಾಕ್ಕೊಂಡು ಕೇಳ್ತಾವ್ನಿ, ನೀವು ಯೋಳಿ.’ ರೇಷ್ಮೆ ಹುಳು ನಾಲ್ಕು ಜ್ವರ ಎದ್ದು ಹಣ್ಣಾದ ಮೇಲೆ ಯಾರಿಗೂ ಕಾಯುವುದಿಲ್ಲ, ಸಾಹಿತ್ಯಕ್ಕಂತೂ ಇಲ್ಲ. ಅವನ ಕೈಯಲ್ಲಿ ಕೆಲಸವಿತ್ತು, ಕಿವಿಯಲ್ಲಿ ಪಾಠವಿತ್ತು. ರಾಗಿ ಬೀಸುತ್ತ ಹಾಡಿದವರ, ನಾಟಿ ಮಾಡುತ್ತ ಕತೆ ಕೇಳಿದವರ ರೀತಿಯೂ ಇದೇ ತಾನೆ? ಅವನ ಆ ಒಂದು ‘ಯೋಳಿ’ಯಿಂದ ನನ್ನ ಮುಂದಿನ ಹತ್ತು ನಿಮಿಷದ ಮಾತು ನೆಟ್ಟಗಾಯಿತು.

ಇಷ್ಟರಿಂದ ನಮ್ಮ ಗುಂಪು ತಯಾರಿಯ ಕ್ರಮವನ್ನೇ ತಿರುಗಿಸಿಕೊಂಡಿದೆ. ಭಾಷಣಕಾರರನ್ನು ಹುಡುಕುವ ಮೊದಲು ಹ್ಞೂಂ ಅನ್ನುವ ಇಬ್ಬರನ್ನು ಹುಡುಕುತ್ತೇವೆ. ಅವರ ಮೈಕು ಪಾಠದುದ್ದಕ್ಕೂ ತೆರೆದೇ ಇರುತ್ತದೆ. ಪಠ್ಯವನ್ನು ಅವರು ಓದಿರಬೇಕು, ಆದರೆ ಪ್ರಶ್ನೆ ಬರೆದುಕೊಂಡು ಬರಬಾರದು. ನಗು ಬಂದರೆ ನಗಬೇಕು, ಅರ್ಥವಾಗದಿದ್ದರೆ ‘ತಾಳಿ ಸಾರ್’ ಅನ್ನಬೇಕು. ಇಬ್ಬರೂ ಒಂದೇ ಊರಿನವರಾಗಿರಬಾರದು, ಸಾಧ್ಯವಾದರೆ ಒಂದೇ ಜಾತಿಯವರೂ ಆಗಿರಬಾರದು. ಚನ್ನಪಟ್ಟಣದ ಹುಡುಗಿ ನಕ್ಕ ಕಡೆ ಕನಕಪುರದ ಹುಡುಗ ಸುಮ್ಮನಿದ್ದರೆ ಅಲ್ಲಿ ನಿಂತು ಕೇಳಬಹುದು, ಯಾಕೆ ಎಂದು. ಸ್ಲೈಡು ಬಿಟ್ಟಿದ್ದೇವೆ. ಎರಡು ಪುಟದ ಪಠ್ಯಭಾಗವನ್ನು ಹಿಂದಿನ ದಿನವೇ ಫೋಟೊ ತೆಗೆದು ವಾಟ್ಸ್‌ಆ್ಯಪಿಗೆ ಹಾಕುತ್ತೇವೆ. ಪಾಠದ ಮೊದಲ ಹತ್ತು ನಿಮಿಷ ಅದನ್ನು ಗಟ್ಟಿಯಾಗಿ ಓದುವುದೇ ಕೆಲಸ, ಅದೂ ವಿದ್ಯಾರ್ಥಿಯ ದನಿಯಲ್ಲಿ. ಸ್ವಾಗತ ಒಂದು ವಾಕ್ಯ, ವಂದನೆ ಒಂದು ವಾಕ್ಯ. ಹೋಸ್ಟ್ ಆದವಳು ಎರಡನೇ ಫೋನಿನಲ್ಲಿ ಕೇಳುಗಳಾಗಿಯೂ ಸೇರಿಕೊಂಡಿರಬೇಕು, ಅಗ್ಗದ ಇಯರ್‌ಫೋನಿನಲ್ಲಿ ಆ ಮಾತು ಹೇಗೆ ಕೇಳುತ್ತದೆ ಎಂದು ತಿಳಿಯಲು.

ಹಿರಿಯ ಅಧ್ಯಾಪಕರೊಬ್ಬರು ಇದನ್ನು ಕೇಳಿ ನಕ್ಕರು: ‘ಕ್ಲ್ಯಾಪ್ ಹೊಡೆಯೋಕೆ ಜನ ಕರ್ಕೊಂಡ್ ಬಂದ ಹಾಗಾಯ್ತಲ್ಲಮ್ಮ!’ ಮಾತಿನಲ್ಲಿ ಹುರುಳಿದೆ. ಹ್ಞೂಂ ಅನ್ನುವವರು ಹೊಗಳುಭಟರಾದರೆ ಎಲ್ಲ ಮುಗಿಯಿತು. ಆದರೆ ಅಜ್ಜಿಯ ಕರಾರಿನಲ್ಲಿ ಹ್ಞೂಂ ಇತ್ತೇ ಹೊರತು ಭೇಷ್ ಇರಲಿಲ್ಲ. ಇನ್ನೊಬ್ಬ ಗೆಳತಿಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ತರಗತಿಯಲ್ಲಿ ಮೂರು ವರ್ಷ ಬಾಯಿ ಬಿಡದ ಹುಡುಗಿಯರು ಚಾಟ್ ಪೆಟ್ಟಿಗೆಯಲ್ಲಿ ಮಾತಾಡಿದ್ದಾರೆ. ದನಿಯನ್ನೇ ದೊಡ್ಡದು ಮಾಡಿದರೆ ಅವರನ್ನು ಮತ್ತೆ ಮೂಲೆಗೆ ತಳ್ಳಿದ ಹಾಗಲ್ಲವೆ ಎಂದಳು. ಇದು ನಿಜ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕಳಿಸಿದ ಆ ಮುರುಕು ಕನ್ನಡದ ಸಾಲುಗಳಲ್ಲಿ ನಾನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕಾಣದ ವಿಮರ್ಶೆ ಕಂಡಿದ್ದೇನೆ. ನೊಗ ಹೊತ್ತ ಅಪ್ಪನ ಪ್ರಸಂಗ ಓದಿದ ದಿನ ಒಬ್ಬಳು ಬರೆದಿದ್ದಳು: ಆ ಹೊತ್ತಿಗೆ ಅಮ್ಮ ಎಲ್ಲಿದ್ದಳು ಮೇಡಂ? ಅದಕ್ಕೇ ಈಗ ಚಾಟ್ ಓದುವುದಕ್ಕೆ ಒಬ್ಬರನ್ನು ಬೇರೆಯಾಗಿ ಕೂರಿಸುತ್ತೇವೆ. ಬಂದ ಸಾಲನ್ನು ಅವರು ಹೆಸರು ಹೇಳದೆ, ಮಾತಿನ ನಡುವೆಯೇ ಗಟ್ಟಿಯಾಗಿ ಓದುತ್ತಾರೆ. ಕೊನೆಯ ಪ್ರಶ್ನೋತ್ತರಕ್ಕೆಂದು ಎತ್ತಿಡುವುದಿಲ್ಲ. ಕೊನೆಯಲ್ಲಿ ಓದಿದ ಹ್ಞೂಂನಿಂದ ಕತೆಗೆ ಏನೂ ಆಗುವುದಿಲ್ಲ.

ಇನ್ನು ರೆಕಾರ್ಡಿಂಗ್. ‘ಈ ಸಭೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ’ ಎಂಬ ಸೂಚನೆ ಬಂದ ಕೂಡಲೇ ದನಿಗಳು ಬದಲಾಗುವುದನ್ನು ಯಾರು ಬೇಕಾದರೂ ಗಮನಿಸಬಹುದು. ನಮ್ಮಲ್ಲಿ ಹೆಚ್ಚಿನವರು ಅದನ್ನು ಸಾಧನೆಯೆಂದು ತಿಳಿಯುತ್ತಾರೆ: ಉಪನ್ಯಾಸ ಶಾಶ್ವತವಾಯಿತು, ಇಷ್ಟು ವೀಕ್ಷಣೆ ಬಂತು. ನಾಗೇಗೌಡರಂಥವರು ಟೇಪು ಹಿಡಿದು ಹೋದಾಗ ಎದುರಿಗಿದ್ದವರು ಹಾಡುಗಾರರು, ಹಾಡು ಉಳಿಯಬೇಕೆಂಬುದು ಅಲ್ಲಿನ ಗರಜು. ಇಲ್ಲಿ ಎದುರಿಗಿರುವವರು ಇಪ್ಪತ್ತು ವರ್ಷದವರು, ತಮ್ಮೂರಿನ ದೇವಸ್ಥಾನದ ಬಗ್ಗೆ, ತಮ್ಮ ಬೀದಿಯ ನಲ್ಲಿಯ ಬಗ್ಗೆ, ಲೋಟ ಬೇರೆ ಇಟ್ಟ ಮನೆಯ ಬಗ್ಗೆ ಮಾತಾಡಬೇಕಾದವರು. ಆ ಮಾತು ಯೂಟ್ಯೂಬಿನಲ್ಲಿ ಸಿಕ್ಕರೆ ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಉತ್ತರ ಕೊಡಬೇಕಾದವರೂ ಅವರೇ. ‘ಊರುಕೇರಿ’ ಪಾಠದ ದಿನ ಓದು, ವ್ಯಾಖ್ಯಾನ ಮುಗಿದು ಮಾತು ವಿದ್ಯಾರ್ಥಿಗಳ ಕಡೆ ತಿರುಗಿದಾಗ ರೆಕಾರ್ಡಿಂಗ್ ನಿಲ್ಲಿಸಿದೆವು. ನಿಂತಿತೆಂದು ಎರಡು ಸಲ ಹೇಳಿದೆ. ಅರ್ಧ ನಿಮಿಷ ಮೌನ. ಆಮೇಲೆ ಒಂದೊಂದೇ ಮೈಕು ತೆರೆದುಕೊಂಡಿತು.

ಯೂಟ್ಯೂಬಿನಲ್ಲಿರುವ ಆ ಉಪನ್ಯಾಸ 38 ನಿಮಿಷಕ್ಕೆ ಮುಗಿಯುತ್ತದೆ. ಸಭೆ ಮುಗಿದದ್ದು ಸುಮಾರು ಒಂದೂವರೆ ಗಂಟೆಗೆ.